ಅಪ್ಪನಿಗೆ ಕಿಂಡಲ್ ಕೊಡಿಸಲೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಾದಂಬರಿ, ಪ್ರಬಂಧ ಎಂದರೆ ಊಟ ಬಿಡುತ್ತಾರೆ. ಈಚೆಗೆ ಪುಸ್ತಕದ ಸಣ್ಣ ಅಕ್ಷರ ಕಾಣುವುದಿಲ್ಲ, ಮೊಬೈಲಿನಲ್ಲಿ ಓದಿದರೆ ಕಣ್ಣು ಉರಿ ಎನ್ನುತ್ತಾರೆ. ಅಮೆರಿಕದಲ್ಲಿರುವ ಅಣ್ಣ ಮುಂದಿನ ತಿಂಗಳು ಬರುವಾಗ ಕಿಂಡಲ್ (ಅಮೆಜಾನಿನ ಇ-ಪುಸ್ತಕ ಓದುವ ಯಂತ್ರ) ತರುತ್ತೇನೆ ಎಂದಿದ್ದಾನೆ. ಅಪ್ಪ ಓದುವುದು ಕನ್ನಡ ಮಾತ್ರ. ಹೊಸ ಹೊಸ ಯಂತ್ರಗಳನ್ನು ಬಳಸಿ ನೋಡಿ ಬರೆಯುವ ನೀವು ಏನೆನ್ನುತ್ತೀರಿ? ತರಿಸಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಮೊದಲು ಅಣ್ಣನಿಗೊಂದು ಫೋನ್ ಮಾಡಿ, ಸದ್ಯಕ್ಕೆ ತರಬೇಡ ಅನ್ನಿ. ಬೇಡವೇ ಬೇಡ ಎಂದಲ್ಲ, ಸದ್ಯಕ್ಕೆ ಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ, ಯಾಕೆಂದರೆ ಇದೇ ಪ್ರಶ್ನೆ ನನಗೆ ತಿಂಗಳಿಗೆ ಎರಡಾದರೂ ಬರುತ್ತದೆ.

ಓದುವ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಜಿಬಿ, ಬ್ಯಾಟರಿ ಎಷ್ಟು ದಿನ ಎಂದು ಕೇಳುತ್ತಾರೆ. ಪುಸ್ತಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಎದ್ದರೂ ಕೊನೆಗೆ. ಇಂಗ್ಲಿಷ್ ಓದುವವರಿಗೆ ಅದು ನಡೆದೀತು. ಕನ್ನಡ ಮಾತ್ರ ಓದುವವರು ಆ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಬೇಕು. ನಾನೂ ಮೊದಲ ಸಲ ಉಲ್ಟಾ ಕೇಳಿಕೊಂಡೇ ಕೈ ಸುಟ್ಟುಕೊಂಡವನು.

ಕಳೆದ ವರ್ಷ ತೀರ್ಥಹಳ್ಳಿ ಹತ್ತಿರ ಇರುವ ನಮ್ಮ ದೊಡ್ಡಪ್ಪನಿಗೆ ಎರಡು ಯಂತ್ರಗಳನ್ನು ಕೊಟ್ಟು ಬಂದಿದ್ದೆ. ಅವರಿಗೆ 74, ನಿಮ್ಮ ತಂದೆಯ ಹಾಗೇ ಓದಿನ ಹುಚ್ಚು. ಒಂದು, ತನ್ನದೇ ಅಂಗಡಿಯ ಪುಸ್ತಕಗಳಿಗೆಂದು ಮಾಡಿದ ಯಂತ್ರ. ಇನ್ನೊಂದು, ಅದೇ ಬಗೆಯ ಪರದೆ ಇದ್ದರೂ ಒಳಗೆ ಆಂಡ್ರಾಯ್ಡ್ ಇರುವುದು. ಕಂಪನಿಗಳ ಹೆಸರು ಇಲ್ಲಿ ಬೇಡ, ಯಾಕೆಂದರೆ ನಾನು ಹೇಳಲಿರುವ ತಾಪತ್ರಯಗಳು ಯಾವುದೋ ಒಂದು ಮಾಡೆಲಿನವಲ್ಲ.

ಮೊದಲನೆಯ ದಿನವೇ ಒಂದು ತಮಾಷೆ ನಡೆಯಿತು. ದೊಡ್ಡಪ್ಪ ನಾಲ್ಕು ಪುಟ ತಿರುಗಿಸಿದವರೇ ಹೆಗಲ ಮೇಲಿನ ಶಾಲು ತೆಗೆದು ಪರದೆ ಒರೆಸತೊಡಗಿದರು. ‘ಎಂತ ಮಾಡ್ತಾ ಇದೀರಿ?’ ಅಂದೆ. ‘ಹಿಂದಿನ ಪುಟದ ಅಕ್ಷರ ಇನ್ನೂ ಹೋಗ್ಲಿಲ್ಲ ಮಾರಾಯ, ಮಸಿ ಮೆತ್ತಿದ ಹಾಗೆ ಉಂಟು’ ಅಂದರು. ಅವರು ಕಂಡಿದ್ದು ನಿಜ. ಈ ಯಂತ್ರಗಳಲ್ಲಿರುವ ಇ-ಇಂಕ್ (ಎಲೆಕ್ಟ್ರಾನಿಕ್ ಮಸಿ) ಪರದೆಯಲ್ಲಿ ಹಿಂದಿನ ಪುಟದ ನೆರಳು ತೆಳ್ಳಗೆ ಉಳಿಯುವುದುಂಟು. ಆಗಾಗ ಇಡೀ ಪರದೆ ಒಮ್ಮೆ ಕಪ್ಪಾಗಿ, ಬೆಳ್ಳಗಾಗಿ ಮಿಂಚಿ ತನ್ನನ್ನು ತಾನು ತೊಳೆದುಕೊಳ್ಳುತ್ತದೆ. ಮೊದಲ ಸಲ ಆ ಮಿಂಚು ನೋಡಿದವರು ಯಂತ್ರ ಕೆಟ್ಟಿತು ಎಂದುಕೊಳ್ಳುತ್ತಾರೆ. ನಿಮ್ಮ ತಂದೆಗೆ ಮುಂದೊಂದು ದಿನ ಕೊಡಿಸಿದರೆ ಇದನ್ನು ಮೊದಲೇ ಹೇಳಿಡಿ.

ಯಾಕೆ ಹೀಗಾಗುತ್ತದೆ ಎಂದರೆ, ಅದು ನಿಜಕ್ಕೂ ಮಸಿಯೇ. ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯ ಒಳಗಿನ ದ್ರವದಲ್ಲಿ ಬಿಳಿ ಕಣ ಮತ್ತು ಕಪ್ಪು ಕಣ ತೇಲುತ್ತಿರುತ್ತವೆ. ಬಿಳಿ ಬಣ್ಣಕ್ಕೆ ಬಳಸುವುದು ಟೈಟೇನಿಯಂ ಡೈ ಆಕ್ಸೈಡ್, ನಮ್ಮ ಗೋಡೆಯ ಪೇಂಟಿನಲ್ಲಿರುವುದೇ. ಎರಡೂ ಕಣಗಳಿಗೆ ವಿರುದ್ಧ ವಿದ್ಯುದಂಶ ಇರುವುದರಿಂದ ಕೆಳಗಿನಿಂದ ಒಂದು ಬಗೆಯ ಕರೆಂಟು ಕೊಟ್ಟರೆ ಕಪ್ಪು ಮೇಲೆ ಬರುತ್ತದೆ, ಇನ್ನೊಂದು ಬಗೆಯದು ಕೊಟ್ಟರೆ ಬಿಳಿ ಮೇಲೆ ಬರುತ್ತದೆ. ಒಮ್ಮೆ ಮೇಲೆ ಬಂದ ಕಣ ಕರೆಂಟು ನಿಂತ ಮೇಲೂ ಅಲ್ಲೇ ಕೂತಿರುತ್ತದೆ. ಬ್ಯಾಟರಿ ಪೂರ್ತಿ ಇಳಿದರೂ ಕೊನೆಯ ಪುಟ ಪರದೆ ಮೇಲೆ ಹಾಗೇ ಇರುವುದು ಇದೇ ಕಾರಣಕ್ಕೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಲ್ಲಿ ಹುಟ್ಟಿದ ಈ ಉಪಾಯವನ್ನು ಹಿಡಿದು 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯಿತು. ಈ ಪರದೆ ಹೊತ್ತ ಮೊದಲ ಓದುವ ಯಂತ್ರ 2004ರಲ್ಲಿ ಸೋನಿಯಿಂದ ಜಪಾನಿನಲ್ಲಿ ಬಂತು. ಅಮೆಜಾನಿನ ಕಿಂಡಲ್ ಬಂದಿದ್ದು 2007ರ ನವೆಂಬರಿನಲ್ಲಿ. 399 ಡಾಲರ್ ಬೆಲೆಯ ಆ ಮೊದಲ ಸರಕು ಐದೂವರೆ ಗಂಟೆಯಲ್ಲಿ ಖಾಲಿಯಾಯಿತು. ಸೋನಿಯವರದು ಕಿಂಡಲ್‌ನಷ್ಟು ಹೆಸರು ಮಾಡಲಿಲ್ಲ. ಪರದೆ ಇಬ್ಬರದೂ ಒಂದೇ ಬಗೆಯದು. ಕಿಂಡಲ್ ಗೆದ್ದಿದ್ದು ಅದರ ಹಿಂದೆ ಪುಸ್ತಕದಂಗಡಿ ಇತ್ತು ಎಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕನ್ನಡದ ಪಾಡು ಅಲ್ಲೇ ಸಿಕ್ಕಿಕೊಂಡಿದೆ.

ಕಣ್ಣಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಮೊಬೈಲ್ ಪರದೆ ತಾನೇ ಬೆಳಕು ಉಗುಳುತ್ತದೆ. ಇ-ಇಂಕ್, ಕಾಗದದ ಹಾಗೆ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ರಾತ್ರಿ ಓದಲು ಕೊಟ್ಟಿರುವ ದೀಪವೂ ಅಂಚಿನಿಂದ ಪರದೆಯ ಮೇಲೆ ಹರಡುತ್ತದೆಯೇ ಹೊರತು ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಜಗಲಿಯ ಬಿಸಿಲಲ್ಲಿ ಕೂತು ಓದಬಹುದು, ಅದಂತೂ ದೊಡ್ಡ ಸುಖ. ಆದರೆ ‘ಕಣ್ಣು ಉರಿ’ಗೆ ಮೊಬೈಲ್ ಬೆಳಕೊಂದೇ ಕಾರಣ ಎಂದು ತೀರ್ಮಾನಿಸಬೇಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಮೊಬೈಲನ್ನು ಪುಸ್ತಕಕ್ಕಿಂತ ಹತ್ತಿರ ಹಿಡಿಯುತ್ತೇವೆ. 71ಕ್ಕೆ ಪೊರೆ ಬಂದಿರಬಹುದು, ಕನ್ನಡಕದ ನಂಬರು ಬದಲಾಗಿರಬಹುದು. ‘ಪುಸ್ತಕದ ಸಣ್ಣ ಅಕ್ಷರವೂ ಕಾಣುವುದಿಲ್ಲ’ ಎಂದು ನೀವೇ ಬರೆದಿದ್ದೀರಿ. ಪುಸ್ತಕವೇನೂ ಬೆಳಕು ಉಗುಳುವುದಿಲ್ಲವಲ್ಲ! ಹಾಗಾಗಿ ಯಂತ್ರಕ್ಕಿಂತ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ದೊಡ್ಡಪ್ಪನ ಅರ್ಧ ಸಮಸ್ಯೆ ಹೊಸ ಕನ್ನಡಕದಲ್ಲೇ ಕಳೆಯಿತು.

ಈಗ ಪುಸ್ತಕದ ವಿಷಯ.

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆಗೆಯಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ, ಹೀಗೆ ಐದು ಭಾಷೆ. ಆ ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಲಿಲ್ಲ. ಪಕ್ಕದ ತೆಲುಗಿಗೂ ಇಲ್ಲ, ಬಂಗಾಳಿಗೂ ಇಲ್ಲ. ಇವತ್ತಿಗೂ ನಿಮ್ಮ ತಂದೆ ಬಯಸುವ ಕನ್ನಡ ಕಾದಂಬರಿ ಅಲ್ಲಿ ಒಂದು ಒತ್ತಿಗೆ ಸಿಗುತ್ತದೆ ಎಂದು ನಂಬಿ ಯಂತ್ರ ತರಿಸಬೇಡಿ. ಅಣ್ಣ ಅಕ್ಕರೆಯಿಂದ ತಂದುಕೊಟ್ಟ ಯಂತ್ರ ವಾರದ ಮೇಲೆ ಟಿವಿ ಸ್ಟ್ಯಾಂಡಿನ ಕೆಳಗೆ ಸೇರುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ನಮ್ಮ ಫೈಲನ್ನು ನಾವೇ ಹಾಕಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಹಾಕಿಕೊಳ್ಳಬಹುದು. 2022ರಿಂದ ಕಿಂಡಲ್‌ಗೆ ಇಪಬ್ (ಇ-ಪುಸ್ತಕಗಳಿಗೆ ಹೆಚ್ಚಾಗಿ ಬಳಸುವ ಬಗೆ) ಫೈಲುಗಳನ್ನೇ ನೇರ ಕಳಿಸುವ ವ್ಯವಸ್ಥೆ ಬಂದಿದೆ. ಅಲ್ಲಿಂದ ಮುಂದೆ ಶುರುವಾಗುವುದು ಒತ್ತಕ್ಷರದ ಕಥೆ.

‘ಸ್ತ್ರೀ’ ಎಂಬ ಅಕ್ಷರ ನೋಡಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆರು ತುಂಡು: ಸ, ಒಂದು ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧ ಮಾಡುವ ಗುರುತು), ತ, ಮತ್ತೊಂದು ವಿರಾಮ ಚಿಹ್ನೆ, ರ, ದೀರ್ಘದ ಗುಣಿತ. ಈ ಆರನ್ನೂ ಸಾಲಾಗಿ ತೆಗೆದುಕೊಂಡು, ತ ಮತ್ತು ರ ಎರಡನ್ನೂ ಕುಗ್ಗಿಸಿ ಒತ್ತಾಗಿ ಕೆಳಗೆ ಕೂರಿಸಿ, ದೀರ್ಘವನ್ನು ಸ-ಕಾರದ ತಲೆಗೆ ಹಚ್ಚುವ ಕೆಲಸ ಫಾಂಟ್ ಮತ್ತು ಅದನ್ನು ಓದುವ ತಂತ್ರಾಂಶ ಎರಡೂ ಸೇರಿ ಮಾಡಬೇಕು. ‘ಸೂರ್ಯ’ದಲ್ಲಿ ಇನ್ನೊಂದು ಗಮ್ಮತ್ತು: ಬರೆಯುವ ಕ್ರಮದಲ್ಲಿ ರ ಮೊದಲು, ಯ ಆಮೇಲೆ, ಪರದೆಯಲ್ಲಿ ಮಾತ್ರ ಅರ್ಕಾವತ್ತಾಗಿ ರ ಯ-ಕಾರದ ಆಚೆಗೆ ಹೋಗಿ ಕೂರಬೇಕು. ಈ ಕೆಲಸ ಬಾರದ ತಂತ್ರಾಂಶ ಸಿಕ್ಕರೆ ‘ಶಾಸ್ತ್ರ’ ಎನ್ನುವುದು ‘ಶಾಸ್‌ತ್‌ರ’ ಆಗಿ ಮೂಡುತ್ತದೆ. ನಾನು ಪರೀಕ್ಷಿಸಿದ ಮೊದಲ ಯಂತ್ರದಲ್ಲಿ ಆಗಿದ್ದು ಅದೇ. ಫಾಂಟ್ ಬದಲಿಸಿದೆ, ಫೈಲ್ ಬದಲಿಸಿದೆ, ಎರಡು ಸಂಜೆ ಕಳೆದೆ. ಒತ್ತು ಸರಿ ಹೋದರೆ ಶೀರ್ಷಿಕೆಯ ಅಕ್ಷರ ಚೌಕ ಚೌಕವಾಗುತ್ತಿತ್ತು. ದೊಡ್ಡಪ್ಪ ಒಂದು ಪುಟ ಓದಿ, ‘ಇದು ಒಂದನೇ ಕ್ಲಾಸಿನ ಮಗು ಅಕ್ಷರ ಜೋಡಿಸಿ ಓದಿದ ಹಾಗೆ ಉಂಟು’ ಎಂದು ಬದಿಗಿಟ್ಟರು. ನಾನಾದರೆ ಇಂಥದರ ಜೊತೆ ಗುದ್ದಾಡುವುದೇ ಕಸುಬು. ಎಪ್ಪತ್ತು ದಾಟಿದವರ ಕೈಗೆ ಈ ಗುದ್ದಾಟ ಕೊಡಬಾರದು.

ಒತ್ತು ಸರಿಯಾಗಿ ಮೂಡುವ ಯಂತ್ರದಲ್ಲೂ ಒಂದು ಸಣ್ಣ ಕಿರಿಕಿರಿ ಇದೆ, ಯಾರೂ ಇದನ್ನು ಹೇಳುವುದಿಲ್ಲ. ಕನ್ನಡದ ಪದಗಳು ಉದ್ದ. ‘ಹೋಗಬೇಕಾಗಿತ್ತೆಂದುಕೊಂಡಿದ್ದ’ ಎನ್ನುವುದು ನಮಗೆ ಒಂದೇ ಪದ. ಅಕ್ಷರ ದೊಡ್ಡದು ಮಾಡಿದರೆ ಆರೇಳು ಇಂಚಿನ ಪರದೆಯಲ್ಲಿ ಇಂಥ ಒಂದು ಪದ ಇಡೀ ಸಾಲು ನುಂಗುತ್ತದೆ. ಈ ಯಂತ್ರಗಳು ಹೆಚ್ಚಾಗಿ ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವುದಿಲ್ಲ. ಎರಡೂ ಅಂಚು ಸಮ ಮಾಡಲು ಹೋಗಿ ಉಳಿದ ಪದಗಳ ನಡುವೆ ಗದ್ದೆಯ ಬದುವಿನಷ್ಟು ಜಾಗ ಬಿಡುತ್ತವೆ. ಸೆಟ್ಟಿಂಗ್ಸಿನಲ್ಲಿ ಎಡಕ್ಕೆ ಮಾತ್ರ ಹೊಂದಿಸುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಸಾಲುಗಳ ನಡುವಿನ ಅಂತರವನ್ನೂ ಒಂದು ಹಂತ ಜಾಸ್ತಿ ಮಾಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಮುತ್ತಿಡುತ್ತದೆ.

ಯಾಕೆ ಕನ್ನಡಕ್ಕೆ ಇಷ್ಟು ತಡ ಎಂದು ಕೇಳಿದರೆ ಎಲ್ಲರೂ ದೊಡ್ಡ ಕಂಪನಿಗಳನ್ನು ಬೈಯುತ್ತಾರೆ. ಬೈಯಬೇಕಾದ್ದೇ. ಆದರೆ ನಮ್ಮ ಮನೆಯೊಳಗೂ ಒಂದು ಗಂಟು ಇದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ನಮ್ಮ ಮುದ್ರಣ ಲೋಕ ಮಾತ್ರ ಅದಾಗಿ ದಶಕಗಳ ತನಕ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಪುಸ್ತಕ ಮಾಡಿತು. ಆ ಫಾಂಟುಗಳ ಉಪಾಯ ಸರಳ: ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುವುದು. ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷಿನದೇ ಸಂಕೇತ, ನೋಡುವವರಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ, ತಲೆಗೆ ಟೋಪಿ, ಕೊಂಬು, ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಅಚ್ಚಿಗೆ ಕಳಿಸುವಾಗ ಇದರಿಂದ ಏನೂ ತೊಂದರೆ ಇಲ್ಲ, ಕಾಗದಕ್ಕೆ ಆಕಾರ ಸಾಕು. ಇ-ಪುಸ್ತಕಕ್ಕೆ ಆಕಾರ ಸಾಲದು, ಅಕ್ಷರವೇ ಬೇಕು. ಹಳೆಯ ಫೈಲನ್ನು ಯೂನಿಕೋಡಿಗೆ ಬದಲಿಸುವ ಉಪಕರಣಗಳಿವೆ, ಆದರೆ ಬದಲಿಸಿದ ಮೇಲೆ ಅರ್ಕಾವತ್ತು ಎಲ್ಲೋ, ದೀರ್ಘ ಎಲ್ಲೋ, ಇಂಗ್ಲಿಷ್ ಪದಗಳೆಲ್ಲ ಕನ್ನಡದ ಕಿಚಡಿ. ಮುನ್ನೂರು ಪುಟವನ್ನು ಮತ್ತೆ ಒಬ್ಬರು ಕೂತು ಕರಡು ತಿದ್ದಬೇಕು. ಐನೂರು ಪ್ರತಿ ಅಚ್ಚು ಹಾಕಿಸಿ ಅದನ್ನು ಮಾರುವುದೇ ಸಾಹಸ ಎನ್ನುವ ಪ್ರಕಾಶಕರಿಗೆ ಆ ತಿದ್ದುವ ಕೂಲಿ ಎಲ್ಲಿಂದ ಹುಟ್ಟಬೇಕು?

ಹಾಗೆಂದು ಕನ್ನಡದ ಇ-ಪುಸ್ತಕವೇ ಇಲ್ಲ ಎಂದಲ್ಲ. ಇವೆ, ಆದರೆ ಅವು ಮೊಬೈಲ್ ಆ್ಯಪುಗಳಲ್ಲಿ ಇವೆ. 2020ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಲ್ಯಾಂಗ್‌ನಲ್ಲಿ ಕನ್ನಡ ಇ-ಪುಸ್ತಕಗಳೂ ಕೇಳುಪುಸ್ತಕಗಳೂ ಸಿಗುತ್ತವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಪ್ರತಿಲಿಪಿಯಲ್ಲಿ ಧಾರಾವಾಹಿ ಕಥೆಗಳ ರಾಶಿ ಇದೆ, ಆದರೆ ಹಳೆಯ ಮೇಷ್ಟ್ರಿಗೆ ಅದು ರುಚಿಸುವುದು ಅನುಮಾನ (ನಮ್ಮ ದೊಡ್ಡಪ್ಪ ಮೂರನೇ ಕಂತಿಗೇ ಕಾಗುಣಿತ ತಿದ್ದಲು ಪೆನ್ನು ಹುಡುಕಿದರು). ಕಾಸು ಕೊಡದೆ ಓದುವುದಾದರೆ ಹಕ್ಕು ಮುಗಿದ ಪುಸ್ತಕಗಳನ್ನು ಇಟ್ಟಿರುವ ಜಾಲತಾಣ ವಿಕಿಸೋರ್ಸ್‌ನ ಕನ್ನಡ ವಿಭಾಗವಿದೆ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಕೃತಿಗಳು ಎಲ್ಲರ ಸ್ವತ್ತು. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳು ಎಂದೋ ಮುಕ್ತವಾದವು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು 2024ರ ಜನವರಿಯಿಂದ ಮುಕ್ತ. ಕಾರಂತರು, ಕುವೆಂಪು ಅವರಿಗೆ ಇನ್ನೂ ಮೂವತ್ತು ವರ್ಷ ಕಾಯಬೇಕು, ಹಾಗಾಗಿ ಅವರ ಪುಸ್ತಕಗಳ ಪಿಡಿಎಫ್ ಎಂದು ವಾಟ್ಸ್ಆ್ಯಪಿನಲ್ಲಿ ಹರಿದಾಡುವುದು ಕಳ್ಳಮಾಲು. ತಂದೆಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ ಅನ್ನಿ.

ಈ ಆ್ಯಪುಗಳು ಓಡುವುದು ಆಂಡ್ರಾಯ್ಡ್ ಅಥವಾ ಐಫೋನಿನಲ್ಲಿ. ಕಿಂಡಲ್‌ನಲ್ಲಿ ಓಡುವುದಿಲ್ಲ. ಅಲ್ಲಿಗೆ ನಿಮ್ಮ ಪ್ರಶ್ನೆಯ ಉತ್ತರ ಅರ್ಧ ಬಂತು: ನಿಮ್ಮ ತಂದೆಗೆ ಇ-ಇಂಕ್ ಯಂತ್ರ ಕೊಡಿಸುವುದೇ ಆದರೆ ಅದು ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ ಆಗಿರಬೇಕು. ಚೀನಾದ ಓನಿಕ್ಸ್ ಕಂಪನಿಯ ಬೂಕ್ಸ್ ಈ ಬಗೆಯವುಗಳಲ್ಲಿ ಹೆಚ್ಚು ಹೆಸರಾದದ್ದು. ಪ್ಲೇ ಸ್ಟೋರ್ ಇರುತ್ತದೆ, ಮೊಬೈಲಿನಲ್ಲಿ ಕೊಂಡ ಪುಸ್ತಕವನ್ನು ಅದೇ ಖಾತೆಯಿಂದ ಇಲ್ಲೂ ತೆರೆಯಬಹುದು. ಒತ್ತಕ್ಷರದ ತಲೆನೋವಿಲ್ಲ, ಯಾಕೆಂದರೆ ಆಂಡ್ರಾಯ್ಡಿಗೆ ಕನ್ನಡ ಸರಿಯಾಗಿ ಬರುತ್ತದೆ. ದೊಡ್ಡಪ್ಪ ಎರಡನೇ ಯಂತ್ರದಲ್ಲಿ ಮೂರು ವಾರಕ್ಕೆ ಎರಡು ಕಾದಂಬರಿ ಮುಗಿಸಿದರು. ಶಾಸ್ತ್ರ ಶಾಸ್ತ್ರವಾಗೇ ಇತ್ತು.

ಹಾಗಂತ ಅದು ಸಲೀಸಿನ ಯಂತ್ರವೇನಲ್ಲ. ಈ ಆ್ಯಪುಗಳನ್ನು ಬರೆದಿರುವುದು ಮೊಬೈಲಿಗಾಗಿ. ಪುಟ ಜಾರುವುದು, ಮಸುಕಾಗಿ ಮಾಯವಾಗುವುದು ಇಂಥ ಅಲಂಕಾರಗಳು ಇ-ಇಂಕ್ ಪರದೆಯಲ್ಲಿ ಕೆಸರು ಕಲಕಿದಂತೆ ಕಾಣುತ್ತವೆ. ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಅವನ್ನೆಲ್ಲ ಆರಿಸಬೇಕು, ಯಂತ್ರದ ಕಡೆಯಿಂದ ಆ ಆ್ಯಪಿಗೆ ಗಾಢ ಅಕ್ಷರ, ನಿಧಾನವಾದರೂ ಅಚ್ಚುಕಟ್ಟಾಗಿ ಮೂಡುವ ಪುಟ ಎಂದು ಹೊಂದಿಸಬೇಕು. ಕೆಲವು ಯಂತ್ರಗಳಲ್ಲಿ ಪ್ಲೇ ಸ್ಟೋರನ್ನು ಎಬ್ಬಿಸುವುದಕ್ಕೇ ಗೂಗಲ್‌ಗೆ ಒಂದು ನೋಂದಣಿ ಮಾಡಿ ಅರ್ಧ ದಿನ ಕಾಯಬೇಕಾಗುತ್ತದೆ. ನಾನು ಹೋದ ದಿನ ರಾತ್ರಿ ಊಟದ ತನಕ ಅದೇ ಕೆಲಸ; ದೊಡ್ಡಮ್ಮ ‘ಪುಸ್ತಕ ಓದೋಕೆ ಇಷ್ಟೆಲ್ಲ ಹೋಮ ಮಾಡ್ಬೇಕಾ’ ಎಂದು ನಕ್ಕರು. ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟಬೇಕಿಲ್ಲ, ಆದರೆ ಆ ಒಮ್ಮೆ ಮಾಡುವವರು ಮನೆಯಲ್ಲಿ ಇರಬೇಕು. ನೀವು ಸಾಗರದಲ್ಲೇ ಇದ್ದೀರಿ, ಆ ಚಿಂತೆ ಇಲ್ಲ.

ಬ್ಯಾಟರಿ ಬಗ್ಗೆ ಜಾಹೀರಾತುಗಳನ್ನು ಒಂಚೂರು ಬಿಡಿಸಿ ಓದಿ. 2024ರ ಕಿಂಡಲ್ ಮಾಡೆಲ್ಲಾದ ಪೇಪರ್‌ವೈಟ್‌ಗೆ 12 ವಾರ ಎನ್ನುತ್ತಾರೆ. ಸಣ್ಣ ಅಕ್ಷರದಲ್ಲಿ ಇರುವುದು: ದಿನಕ್ಕೆ ಅರ್ಧ ಗಂಟೆ ಓದಿದರೆ, ವೈಫೈ ಆರಿಸಿದ್ದರೆ. 12 ವಾರ ಎಂದರೆ 84 ದಿನ, ಅರ್ಧರ್ಧ ಗಂಟೆಯಂತೆ 42 ಗಂಟೆ. ದಿನಕ್ಕೆ ಮೂರು ಗಂಟೆ ಓದುವ ಮೇಷ್ಟ್ರಿಗೆ ಅದು ಹದಿನಾಲ್ಕು ದಿನ. ಅದೂ ಬಹಳ ಒಳ್ಳೆಯದೇ. ಆಂಡ್ರಾಯ್ಡ್ ಯಂತ್ರಗಳಲ್ಲಿ ಹಿನ್ನೆಲೆಯಲ್ಲಿ ಏನೇನೋ ನಡೆಯುತ್ತಿರುವುದರಿಂದ ಇದಕ್ಕಿಂತ ಬೇಗ ಇಳಿಯುತ್ತದೆ. ದೊಡ್ಡಪ್ಪನ ಕೈಯಲ್ಲಿ ಐದು ದಿನ ಬರುತ್ತಿತ್ತು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು ಹೋಗುವ ಊರಿನಲ್ಲಿ ಐದು ದಿನ ಎಂದರೆ ಧಾರಾಳ.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ದುಡ್ಡು ದಂಡವಾಗುವುದು ಜಾಸ್ತಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳು ನಿಮ್ಮ ತಂದೆಗೆ ಖಂಡಿತ ಬೇಕಾಗುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಬಿದ್ದಿವೆ. ಸ್ಕ್ಯಾನ್ ಎಂದರೆ ಪುಟದ ಫೋಟೊ. ಅಕ್ಷರ ಮಾತ್ರ ದೊಡ್ಡದು ಮಾಡಲು ಆಗುವುದಿಲ್ಲ, ಪುಟವನ್ನೇ ಹಿಗ್ಗಿಸಬೇಕು. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಅಂದಾಜು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮೂಲೆಯಿಂದ ಮೂಲೆಗೆ ಹತ್ತು ಇಂಚಿನಷ್ಟಾಯಿತು. ಅದನ್ನು 7 ಇಂಚಿನ ಪರದೆಗೆ ತುರುಕಿದರೆ ಅಕ್ಷರ ಮೂಲದ ಶೇಕಡಾ 70ಕ್ಕೆ ಕುಗ್ಗುತ್ತದೆ. ಪುಸ್ತಕದ ಅಕ್ಷರವೇ ಸಣ್ಣದೆಂದು ದೂರುವವರಿಗೆ ಅದಕ್ಕಿಂತ ಸಣ್ಣದು ಕೊಟ್ಟಂತಾಯಿತಲ್ಲ! ಸುತ್ತಲಿನ ಖಾಲಿ ಅಂಚು ಕತ್ತರಿಸಿದರೆ ಉಳಿಯುವುದು ಮೂಲೆಯಿಂದ ಮೂಲೆಗೆ ಎಂಟು ಇಂಚು ಚಿಲ್ಲರೆ. ಆಗ 7.8 ಇಂಚಿನ ಪರದೆಯಲ್ಲಿ ಹೆಚ್ಚುಕಡಿಮೆ ಪುಸ್ತಕದಷ್ಟೇ ಅಕ್ಷರ ಸಿಗುತ್ತದೆ. ಪುಸ್ತಕಕ್ಕಿಂತ ದೊಡ್ಡದು ಬೇಕೆಂದರೆ 10 ಇಂಚಿನದು ಬೇಕು, ಅದು ಭಾರ, ಮಲಗಿ ಓದಲು ಆಗುವುದಿಲ್ಲ, ಬೆಲೆಯೂ ಮೇಲೆ. ಸ್ಕ್ಯಾನ್ ಪುಸ್ತಕವೇ ಮುಖ್ಯ ಎಂದಾದರೆ ಹತ್ತು ಇಂಚಿನ ಸಾಮಾನ್ಯ ಟ್ಯಾಬ್ಲೆಟ್ಟೇ ವಾಸಿ. ಇ-ಇಂಕ್ ಬಗ್ಗೆ ನನಗೆ ಎಷ್ಟೇ ಮೋಹ ಇದ್ದರೂ ಇದನ್ನು ಒಪ್ಪಿಕೊಳ್ಳಲೇಬೇಕು.

ಬಣ್ಣದ ಇ-ಇಂಕ್ ಬಂದಿದೆಯಲ್ಲ ಎಂದು ಅಣ್ಣ ಕೇಳಬಹುದು. ಬೇಡ. ಬಣ್ಣಕ್ಕಾಗಿ ಪರದೆ ಮೇಲೆ ಇನ್ನೊಂದು ಜಾಲರಿ ಹೊದಿಸಿರುತ್ತಾರೆ, ಹಾಗಾಗಿ ಹಿನ್ನೆಲೆ ನ್ಯೂಸ್‌ಪ್ರಿಂಟಿನ ಹಾಗೆ ಮಂಕು. ವಯಸ್ಸಾದ ಕಣ್ಣಿಗೆ ಬೇಕಾದದ್ದು ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು. ಪೆನ್ನಿನಿಂದ ಬರೆಯುವ ಮಾಡೆಲ್ಲೂ ಬೇಡ.

ಇನ್ನು ಹಣದ ಲೆಕ್ಕ. ಪೇಪರ್‌ವೈಟ್ ಹದಿನೇಳು ಸಾವಿರದ ಆಸುಪಾಸು, ಆಂಡ್ರಾಯ್ಡ್ ಇ-ಇಂಕ್ ಇಪ್ಪತ್ತು ಸಾವಿರದ ಮೇಲೆ ಎಂದಿಟ್ಟುಕೊಳ್ಳಿ. ಕನ್ನಡ ಕಾದಂಬರಿಯೊಂದು ಸರಾಸರಿ ಇನ್ನೂರೈವತ್ತು ರೂಪಾಯಿ ಎಂದರೆ ಇಪ್ಪತ್ತು ಸಾವಿರಕ್ಕೆ ಎಂಬತ್ತು ಪುಸ್ತಕ. ಯಂತ್ರ ಕೊಂಡ ಮೇಲೂ ಪುಸ್ತಕಕ್ಕೆ ಬೇರೆ ಕಾಸು ಕೊಡಬೇಕು. ಹಾಗಾಗಿ ಉಳಿತಾಯ ಎಂಬ ಕಾರಣಕ್ಕೆ ಯಾರೂ ಇದನ್ನು ಕೊಳ್ಳಬಾರದು. ಕೊಳ್ಳಲು ಇರುವ ಒಂದೇ ಗಟ್ಟಿ ಕಾರಣ ಎಂದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು ಎಂಬುದು, ಮತ್ತು ನಿಮ್ಮ ತಂದೆಗೆ ಬೇಕಾಗಿರುವುದೂ ಅದೇ.

ಒಂದು ವಿಷಯ ನನಗೆ ಮೊದಲು ಹೊಳೆದಿರಲಿಲ್ಲ. ಮೊದಲ ಕಾದಂಬರಿ ಮುಗಿದ ಸಂಜೆ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು, ಯಂತ್ರ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಎಲ್ಲಿಗೆ ಎಂದರೆ ಪಕ್ಕದ ಮನೆಯ ಭಟ್ಟರಿಗೆ ಪುಸ್ತಕ ಕೊಡಲು. ನಲವತ್ತು ವರ್ಷದ ಪದ್ಧತಿ ಅದು, ಇವರು ಓದಿದ್ದು ಅವರಿಗೆ, ಅವರು ಓದಿದ್ದು ಇವರಿಗೆ; ಆಮೇಲೆ ಜಗಲಿಯಲ್ಲಿ ಕೂತು ಜಗಳ. ಅಂಗಳಕ್ಕೆ ಇಳಿದವರು ನಿಂತರು. ‘ಇದನ್ನ ಅವರಿಗೆ ಕೊಟ್ರೆ ನಾನು ಎಂತ ಓದೋದು?’ ಆ್ಯಪಿನಲ್ಲಿ ಕೊಂಡ ಪುಸ್ತಕ ನಿಮ್ಮ ಖಾತೆಗೆ ಕಟ್ಟಿಹಾಕಿದ ದನ, ಹಗ್ಗ ಬಿಚ್ಚಿ ಇನ್ನೊಬ್ಬರ ಕೊಟ್ಟಿಗೆಗೆ ಕಟ್ಟಲು ಬರುವುದಿಲ್ಲ. ಒಂದು ಅಂಗಡಿಯಲ್ಲಿ ಕೊಂಡದ್ದು ಇನ್ನೊಂದರ ಯಂತ್ರದಲ್ಲಿ ತೆರೆಯುವುದಿಲ್ಲ. ಕಿಂಡಲ್‌ನಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ವೈರಿನಿಂದ ದಾಟಿಸುವ ಹಳೆಯ ದಾರಿಯನ್ನೂ ಅಮೆಜಾನ್ 2025ರ ಫೆಬ್ರವರಿಯಲ್ಲಿ ಮುಚ್ಚಿತು. ನಿಮ್ಮ ತಂದೆಗೆ ಇಂಥ ಓದಿನ ಗೆಳೆಯರು ಇದ್ದಾರೆಯೇ ಕೇಳಿ. ಇದ್ದರೆ ಅವರು ಯಂತ್ರಕ್ಕೆ ಒಗ್ಗುವುದು ಅರ್ಧಕ್ಕೇ ನಿಲ್ಲಬಹುದು. ಭಟ್ಟರಿಗೆ ಕೊನೆಗೆ ಅಚ್ಚಿನ ಪ್ರತಿಯನ್ನೇ ತರಿಸಿಕೊಟ್ಟೆವು.

ಹಾಗಾದರೆ ಏನು ಮಾಡುವುದು? ಮನೆಯಲ್ಲೋ ನೆಂಟರಲ್ಲೋ ಹಳೆಯ ಟ್ಯಾಬ್ಲೆಟ್ ಒಂದು ಇದ್ದೇ ಇರುತ್ತದೆ, ಮಕ್ಕಳು ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಬಳಸಿ ಬಿಟ್ಟದ್ದು. ಅದನ್ನು ತಂದು ಒರೆಸಿ, ಕನ್ನಡ ಪುಸ್ತಕದ ಒಂದು ಆ್ಯಪ್ ಹಾಕಿ, ತಂದೆ ಓದದ ಒಂದು ಕಾದಂಬರಿ ಕೊಂಡು ತೆರೆದುಕೊಡಿ. ಅಕ್ಷರವನ್ನು ಅವರು ಸಾಕು ಎನ್ನುವ ತನಕ ಹಿಗ್ಗಿಸಿ. ಪಕ್ಕದಲ್ಲಿ ಒಂದು ಅಚ್ಚಿನ ಪುಸ್ತಕ ತೆರೆದಿಟ್ಟು, ಪರದೆಯ ಬೆಳಕು ಆ ಕಾಗದದಷ್ಟೇ ಬೆಳ್ಳಗೆ ಕಾಣುವ ತನಕ ತಗ್ಗಿಸಿ. ನಮ್ಮಲ್ಲಿ ಬಹಳ ಜನ ಕತ್ತಲ ಕೋಣೆಯಲ್ಲಿ ಪೂರ್ತಿ ಬೆಳಕಿಟ್ಟು ಓದಿ ಆಮೇಲೆ ಕಣ್ಣು ಉರಿ ಎನ್ನುತ್ತಾರೆ. ನೋಟಿಫಿಕೇಶನ್ನುಗಳನ್ನೆಲ್ಲ ಆರಿಸಿ. ಮೊಣಕಾಲಿನ ಮೇಲೆ ಒಂದು ದಿಂಬಿಟ್ಟು ಅದರ ಮೇಲೆ ಟ್ಯಾಬ್ಲೆಟ್ ಇಟ್ಟುಕೊಳ್ಳಲಿ, ಆಗ ದೂರ ತಾನಾಗಿ ಸರಿಹೋಗುತ್ತದೆ. ಹೀಗೆ ಹದಿನೈದು ದಿನ ನಡೆಯಲಿ, ಅಷ್ಟರಲ್ಲಿ ಹೊಸ ಕನ್ನಡಕವೂ ಬಂದಿರುತ್ತದೆ.

ಪ್ರತಿದಿನ ಎಷ್ಟು ಹೊತ್ತು ಓದಿದರು ಎಂದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಿ. ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ಇದ್ದರೆ, ಅಥವಾ ಮೂರನೇ ದಿನಕ್ಕೆ ಟ್ಯಾಬ್ಲೆಟ್ಟಿನಲ್ಲಿ ಯಕ್ಷಗಾನ ನೋಡುತ್ತಾ ಕೂತಿದ್ದರೆ, ಯಂತ್ರದ ಆಸೆ ಬಿಡಿ. ಆ ಇಪ್ಪತ್ತು ಸಾವಿರಕ್ಕೆ ಅಚ್ಚಿನ ಪುಸ್ತಕಗಳನ್ನೂ, ಕುರ್ಚಿಯ ಪಕ್ಕ ಒಂದು ಒಳ್ಳೆಯ ಟೇಬಲ್ ಲ್ಯಾಂಪನ್ನೂ ತಂದುಕೊಡಿ. ಗಂಟೆ, ಎರಡು ಗಂಟೆ ಓದುತ್ತಿದ್ದು, ಕಣ್ಣೊಂದೇ ಅಡ್ಡಿ ಎಂದಾದರೆ ಆಗ ಆಂಡ್ರಾಯ್ಡ್ ಇ-ಇಂಕ್ ಕೊಳ್ಳುವುದರಲ್ಲಿ ಅರ್ಥವಿದೆ. ಭಾರತದಲ್ಲೇ ಕೊಳ್ಳಿ. ಅಮೆರಿಕದಿಂದ ತಂದದ್ದು ಕೆಟ್ಟರೆ ವಾರಂಟಿಗಾಗಿ ಮತ್ತೆ ಅಣ್ಣನ ಸೂಟ್‌ಕೇಸಿಗೇ ಕಾಯಬೇಕಾದೀತು, ಮತ್ತು ಈ ಪರದೆಗಳ ಗಾಜು ಮೊಬೈಲಿನಷ್ಟು ಗಟ್ಟಿಯಲ್ಲ, ದಿಂಬಿನ ಕೆಳಗಿಟ್ಟು ಮೇಲೆ ಕೂತರೆ ಮುಗಿಯಿತು. ಪುಸ್ತಕದ ರಟ್ಟಿನ ಹಾಗೆ ಮುಚ್ಚುವ ಕವರನ್ನು ಅದೇ ದಿನ ತೆಗೆದುಕೊಳ್ಳಿ.

ಹದಿನೈದು ದಿನದ ಮೇಲೆ ಕ್ಯಾಲೆಂಡರಿನ ಆ ಹಾಳೆಯ ಫೋಟೊ ಕಳಿಸಿ. ಅಪ್ಪ ಓದಿದ್ದು ಆ್ಯಪಿನ ಪುಸ್ತಕ ಎಷ್ಟು, ಸ್ಕ್ಯಾನ್ ಎಷ್ಟು ಎಂದೂ ಬರೆಯಿರಿ. 7 ಇಂಚಿನದೋ 7.8ರದೋ ಎಂಬುದನ್ನು ಅದನ್ನು ನೋಡಿಯೇ ಹೇಳುತ್ತೇನೆ.